ಸೆಲ್ ಮುಗಿದರೆ ಸೆನ್ಸರನ್ನೇ ಯಾಕೆ ಎಸೀಬೇಕು?

ಈಗಿನ ಎಷ್ಟೋ ಕಾರುಗಳ ಮೀಟರ್ ಬೋರ್ಡಿನಲ್ಲಿ ಒಂದು ಹಳದಿ ದೀಪ ಇರತ್ತೆ. ಕುದುರೆ ಲಾಳದಂಥ ಆಕಾರ, ನಡುವೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಟಯರನ್ನ ಅಡ್ಡಕ್ಕೆ ಕೊಯ್ದರೆ ಹೇಗೆ ಕಾಣತ್ತೋ ಅದರ ಚಿತ್ರ ಅದು. ಅದು ಹೊತ್ತಿಕೊಂಡರೆ ಯಾವುದೋ ಒಂದು ಟಯರಲ್ಲಿ ಗಾಳಿ ಕಡಿಮೆ ಆಗಿದೆ ಅಂತ ಅರ್ಥ. ಇದರ ಹಿಂದಿರುವ ವ್ಯವಸ್ಥೆಯ ಹೆಸರು ಟಯರ್ ಪ್ರೆಶರ್ ಮಾನಿಟರಿಂಗ್ ಸಿಸ್ಟಮ್, ಚಿಕ್ಕದಾಗಿ ಟಿಪಿಎಂಎಸ್.

ನನ್ನ ವಾದವನ್ನ ಮೊದಲೇ ಹೇಳಿಬಿಡ್ತೀನಿ. ಈ ವ್ಯವಸ್ಥೆ ಒಳ್ಳೆಯದು, ಘಟ್ಟದ ರಸ್ತೆಗಳಲ್ಲಿ ಓಡಾಡುವವರಿಗಂತೂ ಬೇಕೇ ಬೇಕು. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಂದು ಸಾಮಾನ್ಯ ಟಯರ್ ಅಂಗಡಿಯಲ್ಲಿ ಇದರ ಸೆನ್ಸರ್ ಬದಲಾಯಿಸೋಕೆ ಆಗಲ್ಲ ಅಂದ್ರೆ, ಅಲ್ಲಿನವರಿಗೆ ಸಿಕ್ಕಿದ್ದು ಆರೇಳು ವರ್ಷದ ಸುರಕ್ಷತೆ ಮಾತ್ರ. ಆಮೇಲೆ ಉಳಿಯೋದು ಸುಮ್ಮನೆ ಉರಿಯುವ ಒಂದು ಹಳದಿ ದೀಪ. ಇದು ಕಾರು ಇರುವವರ ತಲೆನೋವು, ಹಾಸ್ಟೆಲ್‌ನಲ್ಲಿರೋ ನಮಗೇನು ಅಂತ ಅನ್ನಬೇಡಿ. ಇಂಥ ಸೆನ್ಸರ್‌ಗಳನ್ನ ಮುಂದೆ ಡಿಸೈನ್ ಮಾಡುವವರು ನಮ್ಮ ಕ್ಲಾಸಿನಲ್ಲೇ ಕೂತಿದ್ದಾರೆ.

ಚಕ್ರದೊಳಗೆ ಒಂದು ರೇಡಿಯೋ

ಟಿಪಿಎಂಎಸ್‌ನಲ್ಲಿ ಎರಡು ಥರ. ಒಂದು ಇನ್‌ಡೈರೆಕ್ಟ್. ಇದರಲ್ಲಿ ಟಯರೊಳಗೆ ಏನೂ ಇರಲ್ಲ. ಎಬಿಎಸ್‌ಗೆ ಅಂತ ಪ್ರತಿ ಚಕ್ರಕ್ಕೂ ಹೇಗೂ ಸ್ಪೀಡ್ ಸೆನ್ಸರ್ ಇದೆಯಲ್ಲ, ಅದನ್ನೇ ಬಳಸಿಕೊಳ್ಳತ್ತೆ. ಗಾಳಿ ಕಡಿಮೆಯಾದ ಟಯರಿನ ಸುತ್ತಳತೆ ಒಂಚೂರು ಕುಗ್ಗಿದ ಹಾಗೆ ಆಗತ್ತೆ, ಹಾಗಾಗಿ ಅದೇ ದೂರಕ್ಕೆ ಅದು ಉಳಿದ ಮೂರಕ್ಕಿಂತ ಸ್ವಲ್ಪ ಜಾಸ್ತಿ ಸುತ್ತಬೇಕು. ಆ ವ್ಯತ್ಯಾಸವನ್ನ ಸಾಫ್ಟ್‌ವೇರ್ ಹಿಡಿಯತ್ತೆ. ಸೆಲ್ ಇಲ್ಲ, ಬದಲಾಯಿಸುವ ತಾಪತ್ರಯ ಇಲ್ಲ. ತೊಂದರೆ ಏನಂದ್ರೆ ನಾಲ್ಕೂ ಟಯರಲ್ಲಿ ಒಟ್ಟೊಟ್ಟಿಗೆ ಗಾಳಿ ಇಳೀತಾ ಬಂದರೆ ಹೋಲಿಸೋಕೆ ಸರಿಯಾದ ಚಕ್ರವೇ ಇಲ್ಲ. ಗಾಳಿ ತುಂಬಿಸಿದ ಮೇಲೆ ರೀಸೆಟ್ ಮಾಡೋದು ಮರೆತರೂ ಲೆಕ್ಕ ತಪ್ಪತ್ತೆ.

ಇನ್ನೊಂದು ಡೈರೆಕ್ಟ್. ಪ್ರತಿ ಚಕ್ರದೊಳಗೂ, ಸಾಮಾನ್ಯವಾಗಿ ಗಾಳಿ ತುಂಬುವ ವಾಲ್ವಿನ ಬುಡದಲ್ಲೇ, ಒಂದು ಪುಟ್ಟ ಪೆಟ್ಟಿಗೆ ಕೂತಿರತ್ತೆ. ಒಳಗೆ ಪ್ರೆಶರ್ ಸೆನ್ಸರ್, ಟೆಂಪರೇಚರ್ ಸೆನ್ಸರ್, ಚಕ್ರ ತಿರುಗ್ತಾ ಇದೆಯಾ ಅಂತ ನೋಡೋಕೆ ಆಕ್ಸಲರೋಮೀಟರ್, ಒಂದು ರೇಡಿಯೋ ಟ್ರಾನ್ಸ್‌ಮಿಟರ್, ಒಂದು ಲಿಥಿಯಂ ಬಟನ್ ಸೆಲ್. ಕಾರು ನಿಂತಾಗ ಅದು ನಿದ್ದೆ ಮಾಡತ್ತೆ. ಓಡುವಾಗ ಸುಮಾರು ನಿಮಿಷಕ್ಕೊಮ್ಮೆ ತನ್ನ ಐಡಿ ಮತ್ತು ಪ್ರೆಶರನ್ನ ಕೂಗಿ ಹೇಳತ್ತೆ. ಅಮೆರಿಕದಲ್ಲಿ ಹೆಚ್ಚಾಗಿ 315 ಮೆಗಾಹರ್ಟ್ಸ್‌ನಲ್ಲಿ, ಯುರೋಪಿನಲ್ಲಿ 433.92 ಮೆಗಾಹರ್ಟ್ಸ್‌ನಲ್ಲಿ. ಆನ್‌ಲೈನಲ್ಲಿ ಅಗ್ಗಕ್ಕೆ ಸಿಕ್ತು ಅಂತ ಬೇರೆ ಫ್ರೀಕ್ವೆನ್ಸಿಯ ಸೆನ್ಸರ್ ತರಿಸಿದರೆ ಕಾರಿಗೆ ಅದರ ಮಾತು ಕೇಳೋದೇ ಇಲ್ಲ.

ಇದು ಸುಮ್ಮನೆ ಬಂದ ಫ್ಯಾಷನ್ ಅಲ್ಲ. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳ ಫೈರ್‌ಸ್ಟೋನ್ ಟಯರುಗಳು ಓಡುವಾಗಲೇ ಪದರ ಕಿತ್ತುಕೊಂಡು, ಗಾಡಿಗಳು ಪಲ್ಟಿಯಾಗಿ, ಇನ್ನೂರಕ್ಕೂ ಹೆಚ್ಚು ಜನ ಸತ್ತ ಪ್ರಕರಣ ದೊಡ್ಡ ಸುದ್ದಿಯಾಯ್ತು. ಅದೇ ವರ್ಷ ಟ್ರೆಡ್ ಆ್ಯಕ್ಟ್ ಅನ್ನುವ ಕಾನೂನು ಬಂತು. 2007ರ ಸೆಪ್ಟೆಂಬರಿನಿಂದ ಅಲ್ಲಿನ ಹೊಸ ಕಾರುಗಳಿಗೆಲ್ಲ ಟಿಪಿಎಂಎಸ್ ಕಡ್ಡಾಯ. ಯುರೋಪಿನಲ್ಲಿ 2014ರ ನವೆಂಬರಿನಿಂದ ಎಲ್ಲ ಹೊಸ ಕಾರುಗಳಿಗೂ ಬಂತು. ನಮ್ಮಲ್ಲಿ ಬಂದ ದಾರಿ ಬೇರೆ, ಅದನ್ನ ಮುಂದೆ ಹೇಳ್ತೀನಿ.

ಘಟ್ಟದ ಲೆಕ್ಕ

ನಮ್ಮ ಕಡೆ ಟಿಪಿಎಂಎಸ್ ಮೊದಲಿಂದಲೂ ಇತ್ತು, ಕೈಲಿ ರಾಡು ಹಿಡಿದ ಲಾರಿ ಕ್ಲೀನರ್ ರೂಪದಲ್ಲಿ. ಘಟ್ಟ ಇಳಿಯೋ ಮೊದಲು ಒಂದೊಂದು ಟಯರನ್ನೂ ತಟ್ಟಿ, ಸದ್ದು ಕೇಳಿ, 'ಹೋಗ್ಲಿ' ಅನ್ನೋನು. ಕಾರಿನವರು ಆ ಕೆಲಸ ಮಾಡಲ್ಲ. ಆದರೆ ಹೋಗುವ ರಸ್ತೆ ಅದೇ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ, ಯಲ್ಲಾಪುರದಿಂದ ಅಂಕೋಲಾಕ್ಕೆ ಅರಬೈಲ್ ಘಟ್ಟ, ಸಿದ್ದಾಪುರದಿಂದ ಕುಮಟಾಕ್ಕೆ ದೊಡ್ಮನೆ ಘಟ್ಟ. ಮಳೆಗಾಲದಲ್ಲಿ ನೀರು ಹರಿಯುವ ರಸ್ತೆ, ಒಂದರ ಹಿಂದೊಂದು ತಿರುವು, ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಇಲ್ಲ. ಗಾಳಿ ಕಡಿಮೆ ಇರುವ ಟಯರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಜಾಸ್ತಿ ಮಡಚಿಕೊಂಡು ಬಿಸಿಯಾಗತ್ತೆ. ಒದ್ದೆ ರಸ್ತೆಯಲ್ಲಿ ನೀರಿನ ಮೇಲೆ ತೇಲಿ ಜಾರುವ ಸಾಧ್ಯತೆಯೂ ಜಾಸ್ತಿ. ಹಿಂದಿನ ಸೀಟಲ್ಲಿ ನಾಲ್ಕು ಅಡಿಕೆ ಚೀಲ ಇದ್ದರಂತೂ ಕೇಳೋದೇ ಬೇಡ.

ಒಂದು ಸಣ್ಣ ಲೆಕ್ಕ ಮಾಡೋಣ, ಫಸ್ಟ್ ಇಯರ್ ಫಿಸಿಕ್ಸ್ ಸಾಕು. ಡಿಸೆಂಬರಿನ ಒಂದು ಮಧ್ಯಾಹ್ನ ಕುಮಟಾದಲ್ಲಿ 32 ಡಿಗ್ರಿ ಇದ್ದಾಗ 32 ಪಿಎಸ್ಐ ಗಾಳಿ ಹಾಕಿಸಿಕೊಂಡು ಶಿರಸಿಗೆ ಬಂದಿರಿ ಅಂತಿಟ್ಟುಕೊಳ್ಳಿ. ಮಾರನೇ ದಿನ ಬೆಳಿಗ್ಗೆ ಶಿರಸಿಯಲ್ಲಿ 16 ಡಿಗ್ರಿ. ವಾತಾವರಣದ ಒತ್ತಡ ಸೇರಿಸಿದರೆ ಟಯರೊಳಗೆ ಇದ್ದದ್ದು 46.7 ಪಿಎಸ್ಐ. ತಾಪಮಾನ 305 ಕೆಲ್ವಿನ್‌ನಿಂದ 289ಕ್ಕೆ ಇಳಿದರೆ ಅದು ಸುಮಾರು 44.2 ಆಗತ್ತೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿರೋದರಿಂದ ಹೊರಗಿನ ಒತ್ತಡವೂ ಸುಮಾರು 1 ಪಿಎಸ್ಐ ಕಡಿಮೆ. ಎಲ್ಲ ಕಳೆದು ಗೇಜಿನಲ್ಲಿ ಕಾಣೋದು ಸುಮಾರು 30.5. ಯಾವ ಪಂಕ್ಚರೂ ಇಲ್ಲದೆ ಒಂದೂವರೆ ಪಿಎಸ್ಐ ಹೋಯ್ತು.

ಇಷ್ಟಕ್ಕೆ ದೀಪ ಹತ್ತಲ್ಲ. ಅಮೆರಿಕದ ನಿಯಮದ ಪ್ರಕಾರ ಕಂಪನಿ ಹೇಳಿದ ಪ್ರೆಶರಿಗಿಂತ 25 ಶೇಕಡಾ ಇಳಿದಾಗ ಎಚ್ಚರಿಸಿದರೆ ಸಾಕು. 32ಕ್ಕೆ ಅದು 24 ಪಿಎಸ್ಐ. ಹಾಗಾಗಿ ದೀಪ ಹತ್ತಿಲ್ಲ ಅಂದ್ರೆ ಗಾಳಿ ಸರಿಯಾಗಿದೆ ಅಂತ ಅಲ್ಲ, ಹದಿನೈದು ದಿನಕ್ಕೊಮ್ಮೆ ಗೇಜ್ ಹಿಡಿದು ನೋಡಲೇಬೇಕು. ದೀಪ ಇರೋದು ಕೊನೆಯ ಎಚ್ಚರಿಕೆಗೆ. ಆ ಕೊನೆಯ ಎಚ್ಚರಿಕೆಯೇ ಕೆಟ್ಟು ಕೂತರೆ ಏನು ಅನ್ನೋದು ನನ್ನ ಪ್ರಶ್ನೆ.

ಸಾಯೋದು ಸೆಲ್ಲು, ಎಸೆಯೋದು ಎಲ್ಲವನ್ನ

ಸೆನ್ಸರಿನ ಸೆಲ್ ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ ಬರತ್ತೆ. ಮುಗಿದಾಗ ಅದನ್ನ ಮಾತ್ರ ಬದಲಾಯಿಸೋಕೆ ಬಹುತೇಕ ಸೆನ್ಸರ್‌ಗಳಲ್ಲಿ ಸಾಧ್ಯ ಇಲ್ಲ. ಇಡೀ ಸರ್ಕ್ಯೂಟನ್ನ ಗಟ್ಟಿ ಅಂಟಿನಲ್ಲಿ ಮುಳುಗಿಸಿ ಸೀಲ್ ಮಾಡಿರ್ತಾರೆ. ಬಟನ್ ಸೆಲ್ ಅಂಗಡಿಯಲ್ಲಿ ನೂರು ರೂಪಾಯಿಯೊಳಗೆ ಸಿಗತ್ತೆ. ಅದು ಸತ್ತಿದ್ದಕ್ಕೆ ಚೆನ್ನಾಗಿರುವ ಸೆನ್ಸರ್, ಚಿಪ್, ಆಂಟೆನಾ ಎಲ್ಲ ಕಸಕ್ಕೆ.

ಹೊಸದನ್ನ ಹಾಕೋದೂ ಬಲ್ಬ್ ಬದಲಾಯಿಸಿದ ಹಾಗಲ್ಲ. ಟಯರನ್ನ ರಿಮ್ಮಿನಿಂದ ಬಿಡಿಸಬೇಕು, ಸೆನ್ಸರ್ ಹಾಕಬೇಕು, ಟಯರ್ ಕೂರಿಸಿ ಬ್ಯಾಲೆನ್ಸಿಂಗ್ ಮಾಡಬೇಕು. ಇಲ್ಲಿಯವರೆಗೆ ನಮ್ಮೂರಿನ ಯಾವ ಟಯರ್ ಅಂಗಡಿಯವರಿಗೂ ಹೇಳಿಕೊಡಬೇಕಾದ್ದಿಲ್ಲ. ಸಿಕ್ಕಿಹಾಕಿಕೊಳ್ಳೋದು ಮುಂದಿನ ಹೆಜ್ಜೆಯಲ್ಲಿ. ಹೊಸ ಸೆನ್ಸರಿನ ಐಡಿ ಕಾರಿನ ಕಂಪ್ಯೂಟರಿಗೆ ಪರಿಚಯ ಆಗಬೇಕು, ಅದಕ್ಕೆ ರೀಲರ್ನ್ ಅಂತಾರೆ. ಕೆಲವು ಕಾರುಗಳು ಸ್ವಲ್ಪ ಹೊತ್ತು ಓಡಿಸಿದರೆ ತಾವೇ ಕಲಿಯುತ್ತವೆ. ಕೆಲವಕ್ಕೆ ಸೆನ್ಸರನ್ನ 125 ಕಿಲೋಹರ್ಟ್ಸ್ ಸಿಗ್ನಲ್‌ನಿಂದ ಎಬ್ಬಿಸುವ ಟೂಲ್ ಬೇಕು. ಇನ್ನು ಕೆಲವಕ್ಕೆ ಓಬಿಡಿ ಪೋರ್ಟಿಗೆ ಸ್ಕ್ಯಾನರ್ ಹಾಕಿ ಐಡಿ ಬರೀಬೇಕು. ಯಾವ ಕಾರಿಗೆ ಯಾವ ದಾರಿ ಅನ್ನೋದು ಅಂಗಡಿಯ ಗೋಡೆ ಮೇಲೆ ಬರೆದಿರಲ್ಲ. ಕನ್ನಡದಲ್ಲಂತೂ ಎಲ್ಲೂ ಬರೆದಿರಲ್ಲ.

ಯಲ್ಲಾಪುರ ಕಡೆಯ ನನ್ನ ಸೋದರಮಾವ ಬೆಂಗಳೂರಿಂದ ಒಂದು ಸೆಕೆಂಡ್ ಹ್ಯಾಂಡ್ ಕಾರು ತಂದರು. ಗಾಡಿಗೆ ಆಗ ಏಳು ವರ್ಷ. ನಮ್ಮ ಕಡೆ ಹೀಗೆ ಪೇಟೆಯಿಂದ ಆರೇಳು ವರ್ಷದ ಗಾಡಿ ತರುವವರು ಬಹಳ ಜನ, ಅಂದ್ರೆ ಸರಿಯಾಗಿ ಸೆಲ್ ಸಾಯುವ ಹೊತ್ತಿಗೆ ಕಾರು ಘಟ್ಟದ ಮೇಲಿನ ಊರಿಗೆ ಬರತ್ತೆ. ಬಂದ ಆರು ತಿಂಗಳಿಗೆ ದೀಪ ಮಿಣುಕೋಕೆ ಶುರುವಾಯ್ತು. ಪಂಕ್ಚರ್ ಅಂಗಡಿಯವರು ನಾಲ್ಕೂ ಟಯರಿಗೆ ಗೇಜ್ ಹಿಡಿದು, 'ಗಾಳಿ ಬರೋಬ್ಬರಿ ಇದ್ದು ಮಾರಾಯ್ರೆ, ಒಳಗೆ ಎಂತದೋ ಕಂಪ್ಯೂಟರ್ ಪ್ರಾಬ್ಲಮ್ಮು, ನಮ್ಮ ಕೈಲಾಗ್ತಿಲ್ಲೆ' ಅಂದರಂತೆ. ದೂರದ ಶೋರೂಮಿನಲ್ಲಿ ಒಂದು ಸೆನ್ಸರಿಗೆ ನಾಲ್ಕು ಸಾವಿರದ ಹತ್ತಿರ ಹೇಳಿದರು. ಅದೂ ಸ್ಟಾಕ್ ಇಲ್ಲ, ತರಿಸಬೇಕು, ಇನ್ನೊಂದು ದಿನ ಬನ್ನಿ. ಒಂದು ದೀಪಕ್ಕೋಸ್ಕರ ಎರಡು ಸಲ ಗಾಡಿ ಹೊಡೆದುಕೊಂಡು ಹೋಗೋದು ಯಾರಿಗೆ ಬೇಕು? ಮಾವ ಆ ದೀಪದ ಮೇಲೆ ಕರಿ ಇನ್ಸುಲೇಷನ್ ಟೇಪ್ ಅಂಟಿಸಿದರು. ಸಮಸ್ಯೆ ಬಗೆಹರೀತು.

ನಗಬೇಡಿ. ಅವರ ಜಾಗದಲ್ಲಿ ಲೆಕ್ಕ ಹಾಕಿದರೆ ಅದೇ ಸರಿಯಾದ ನಿರ್ಧಾರದ ಹಾಗೆ ಕಾಣತ್ತೆ. ಆದರೆ ಇದರ ಪರಿಣಾಮ ನೋಡಿ. ಒಂದೇ ದೀಪ ಇರುವ ಕಾರಿನಲ್ಲಿ, ಸತ್ತ ಒಂದು ಸೆಲ್ಲಿನಿಂದಾಗಿ ಚೆನ್ನಾಗಿ ಕೆಲಸ ಮಾಡ್ತಿರುವ ಉಳಿದ ಮೂರು ಸೆನ್ಸರುಗಳ ಎಚ್ಚರಿಕೆಯೂ ಟೇಪಿನಡಿ ಹೋಯ್ತು. ಸಾಮಾನ್ಯವಾಗಿ ಗಾಳಿ ಕಡಿಮೆಯಾದರೆ ದೀಪ ಮಿಣುಕದೆ ಉರಿಯತ್ತೆ. ವ್ಯವಸ್ಥೆಯೇ ಕೆಟ್ಟಿದ್ದರೆ ಗಾಡಿ ಸ್ಟಾರ್ಟ್ ಮಾಡಿದಾಗ ಒಂದು, ಒಂದೂವರೆ ನಿಮಿಷ ಮಿಣುಕಿ ಆಮೇಲೆ ಉರಿಯತ್ತೆ. ಈ ವ್ಯತ್ಯಾಸ ಎಷ್ಟು ಜನಕ್ಕೆ ಗೊತ್ತು? ನಿಮ್ಮ ಮನೆಯಲ್ಲಿ ಕಾರಿದ್ದರೆ ಇವತ್ತೇ ಕೇಳಿ ನೋಡಿ.

ಸೆಲ್ ಒಂದೇ ಶತ್ರು ಅಲ್ಲ. ಟಯರ್ ಬಿಡಿಸುವ ಮೆಷಿನ್ನು ವಾಲ್ವಿನ ಹತ್ತಿರ ಒತ್ತಿದರೆ ಸೆನ್ಸರ್ ಪುಡಿಯಾಗತ್ತೆ. ಒಳಗೆ ಏನೋ ಇದೆ ಅಂತ ಅಂಗಡಿಯವರಿಗೆ ಯಾರೂ ಹೇಳಿರಲ್ಲ. ಅಲ್ಯೂಮಿನಿಯಂ ವಾಲ್ವಿಗೆ ಮಾಮೂಲಿ ಹಿತ್ತಾಳೆ ಪಿನ್ ಹಾಕಿದರೆ, ನಮ್ಮ ಮಳೆಗಾಲದ ತೇವಕ್ಕೆ ಎರಡು ಲೋಹ ಸೇರಿ ಗ್ಯಾಲ್ವಾನಿಕ್ ಕರೋಷನ್ ಶುರುವಾಗಿ ಕಚ್ಚಿಕೊಳ್ಳತ್ತೆ. ಅಲ್ಲಿಗೆ ನಿಕಲ್ ಲೇಪನದ ಪಿನ್ನೇ ಆಗಬೇಕು. ಹತ್ತಿಪ್ಪತ್ತು ರೂಪಾಯಿಯ ಪಿನ್ನು, ಸಾವಿರಾರು ರೂಪಾಯಿಯ ಸೆನ್ಸರನ್ನ ತಿನ್ನತ್ತೆ.

ಕಂಪನಿಗಳ ಮಾತಲ್ಲೂ ಅರ್ಥ ಇದೆ

ಸೀಲ್ ಮಾಡಿರೋದು ಬರೀ ದುಡ್ಡಿನಾಸೆಗೆ ಅಂತ ಹೇಳಿಬಿಟ್ಟರೆ ಅದು ಎಂಜಿನಿಯರಿಂಗ್ ಸ್ಟೂಡೆಂಟ್ ಆಡುವ ಮಾತಾಗಲ್ಲ. ಇನ್ನೊಂದು ಲೆಕ್ಕ ನೋಡಿ. ಗಂಟೆಗೆ 100 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 27.8 ಮೀಟರ್. ಟಯರಿನ ತ್ರಿಜ್ಯ 0.31 ಮೀಟರ್ ಇದ್ದರೆ ಕೋನೀಯ ವೇಗ ಸುಮಾರು 90 ರೇಡಿಯನ್. ಸೆನ್ಸರ್ ಕೇಂದ್ರದಿಂದ 0.2 ಮೀಟರ್ ದೂರದಲ್ಲಿ ಕೂತಿದ್ದರೆ ಅದರ ಮೇಲೆ ಗುರುತ್ವದ ಸುಮಾರು 160 ಪಟ್ಟು ವೇಗೋತ್ಕರ್ಷ. 30 ಗ್ರಾಂ ಸೆನ್ಸರು 5 ಕಿಲೋ ಹತ್ತಿರ ತೂಗಿದ ಹಾಗೆ! ಜೊತೆಗೆ ಗುಂಡಿಯ ಹೊಡೆತ, ಬ್ರೇಕಿನ ಬಿಸಿ, ತೇವ. ಟಿವಿ ರಿಮೋಟಿನ ಥರ ಮುಚ್ಚಳ ತೆಗೆದು ಸೆಲ್ ಹಾಕುವ ಡಿಸೈನ್ ಅಲ್ಲಿ ಒಂದು ವಾರ ಬರಲಿಕ್ಕಿಲ್ಲ. ಒಪ್ಪಿದೆ.

ಆದರೆ 'ಕಷ್ಟ' ಬೇರೆ, 'ಆಗಲ್ಲ' ಬೇರೆ. ವಾಲ್ವಿನ ಮೇಲೆ ಕ್ಯಾಪಿನ ಥರ ತಿರುಗಿಸಿ ಹಾಕುವ ಸೆನ್ಸರುಗಳು ಮಾರ್ಕೆಟ್ಟಲ್ಲಿವೆ, ಅವುಗಳ ಸೆಲ್ ಯಾರು ಬೇಕಾದರೂ ಬದಲಾಯಿಸಬಹುದು. ಅವು ಹೊರಗಿರೋದರಿಂದ ಕೆಸರು, ಕಳ್ಳತನ, ರಬ್ಬರ್ ವಾಲ್ವಿನ ಮೇಲೆ ಜಾಸ್ತಿ ತೂಕ ಅನ್ನುವ ತೊಂದರೆಗಳು ಇದ್ದೇ ಇವೆ. ಆದರೂ ಅವೂ ಅದೇ ಚಕ್ರದ ಜೊತೆಗೇ ತಿರುಗುತ್ತವೆ. ಸೆಲ್ಲನ್ನ ಸೀಲ್ ಮಾಡಲೇಬೇಕು ಅಂದ್ರೂ ಸರಿ, ಐಡಿಯನ್ನ ಯಾಕೆ ಬೀಗ ಹಾಕಿ ಇಡಬೇಕು? ಹೊಸ ಸೆನ್ಸರಿನ ಮೇಲೆ ಅಚ್ಚಾಗಿರುವ ನಂಬರನ್ನ ಕಾರಿನದೇ ಸ್ಕ್ರೀನಿನಲ್ಲಿ ಟೈಪ್ ಮಾಡೋಕೆ ಬಿಟ್ಟರೆ ಯಾವ ಸ್ಕ್ಯಾನರೂ ಬೇಡ. ಅದಕ್ಕೆ ಬೇಕಾದ್ದು ಸಾಫ್ಟ್‌ವೇರಿನಲ್ಲಿ ಒಂದು ಮೆನು ಅಷ್ಟೇ.

ಹಾಗೆ ಬಿಟ್ಟರೆ ಸೆಕ್ಯುರಿಟಿ ಹೋಗತ್ತೆ ಅನ್ನುವವರಿಗೆ ಒಂದು ಹಳೇ ವಿಷಯ. 2010ರಲ್ಲಿ ಅಮೆರಿಕದ ರಟ್ಗರ್ಸ್ ಮತ್ತು ಸೌತ್ ಕೆರೊಲಿನಾ ವಿಶ್ವವಿದ್ಯಾಲಯಗಳ ಸಂಶೋಧಕರು ಕಾರುಗಳ ಟಿಪಿಎಂಎಸ್ ಸಿಗ್ನಲನ್ನ 40 ಮೀಟರ್ ದೂರದಿಂದಲೇ ಓದಿ ತೋರಿಸಿದರು. ಎನ್‌ಕ್ರಿಪ್ಷನ್ ಇರಲಿಲ್ಲ. ಓಡುವ ಕಾರಿಗೆ ಸುಳ್ಳು ಎಚ್ಚರಿಕೆ ಕಳಿಸಿ ದೀಪ ಹತ್ತಿಸಿದರು. ಗಾಳಿಯಲ್ಲಿ ಹೋಗುವ ಡೇಟಾಗೆ ಬೀಗ ಇಲ್ಲದೆ, ರಿಪೇರಿ ಮಾಡುವವನ ಎದುರಿಗೆ ಮಾತ್ರ ಬೀಗ ಹಾಕಿದರೆ ಅದನ್ನ ಸೆಕ್ಯುರಿಟಿ ಅನ್ನೋದು ಹೇಗೆ?

ಕಾನೂನು ಎಲ್ಲಿಗೆ ಬಂದಿದೆ

ನಮ್ಮ ದೇಶದಲ್ಲಿ 2020ರಲ್ಲಿ ಮೋಟಾರು ವಾಹನ ನಿಯಮಗಳಿಗೆ ಒಂದು ತಿದ್ದುಪಡಿ ಬಂತು. ಟ್ಯೂಬ್‌ಲೆಸ್ ಟಯರ್, ಟಿಪಿಎಂಎಸ್ ಮತ್ತು ಪಂಕ್ಚರ್ ರಿಪೇರಿ ಕಿಟ್ ಇರುವ 3.5 ಟನ್‌ವರೆಗಿನ ವಾಹನಗಳಿಗೆ ಸ್ಟೆಪ್ನಿ ಕಡ್ಡಾಯ ಅಲ್ಲ. ದೊಡ್ಡ ಊರಿನ ರಸ್ತೆಗೆ ಸರಿ ಇರಬಹುದು. ರಾತ್ರಿ ಹತ್ತು ಗಂಟೆಗೆ ದೇವಿಮನೆ ಘಟ್ಟದ ನಡುವೆ ನಿಂತವರಿಗೆ ಸ್ಟೆಪ್ನಿ ಬದಲು ಒಂದು ಬಾಟಲಿ ಸೀಲಂಟ್ ಕೊಟ್ಟ ಹಾಗಾಯ್ತು. ತಮಾಷೆ ಏನಂದ್ರೆ, ಕೆಲವು ಸೀಲಂಟ್‌ಗಳು ಸೆನ್ಸರಿನ ಗಾಳಿ ಬರುವ ಸಣ್ಣ ತೂತನ್ನೇ ಮುಚ್ಚಿಬಿಡುತ್ತವೆ. ಸ್ಟೆಪ್ನಿ ಕಿತ್ತುಕೊಂಡು ಕೊಟ್ಟ ಎರಡು ವಸ್ತುಗಳಲ್ಲಿ ಒಂದು ಇನ್ನೊಂದನ್ನ ಕೊಲ್ಲಬಹುದು. ಸೆನ್ಸರ್ ಸ್ಟೆಪ್ನಿಯ ಜಾಗಕ್ಕೆ ಬಂತು ಅಂದಮೇಲೆ, ಅದನ್ನ ಹತ್ತಿರದ ಊರಿನಲ್ಲೇ ಬದಲಾಯಿಸೋಕೆ ಆಗಬೇಕು ಅನ್ನೋದು ಐಷಾರಾಮದ ಬೇಡಿಕೆ ಅಲ್ಲ.

ಈ ಜಗಳ ಹೊಸದೂ ಅಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿದ ದಂಡ ಹಾಕಿತು. ಬಿಡಿಭಾಗ ಮತ್ತು ಡಯಾಗ್ನೋಸ್ಟಿಕ್ ಟೂಲ್‌ಗಳು ಹೊರಗಿನ ಗ್ಯಾರೇಜ್‌ಗಳಿಗೆ ಸಿಗದ ಹಾಗೆ ಮಾಡಿದ್ದಾರೆ ಅನ್ನೋದು ಆರೋಪ. ಆಮೇಲೆ ವಿಷಯ ಕೋರ್ಟ್ ಮೆಟ್ಟಿಲು ಹತ್ತಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಅದರಲ್ಲಿ ವಾಹನಗಳೂ ಸೇರಿವೆ. ಒಳ್ಳೆಯ ಶುರು. ಆದರೆ ಪೋರ್ಟಲ್ ಬೇರೆ, ಕಾನೂನು ಬೇರೆ. ಪೋರ್ಟಲ್ ತೆರೆದು ನೋಡುವ ಪುರುಸೊತ್ತು ಕೈಗೆ ಗ್ರೀಸ್ ಮೆತ್ತಿಕೊಂಡವರಿಗೆ ಇರಲ್ಲ.

ನಮ್ಮ ಕೈಲಿರೋದು

ಸರ್ಕಾರ, ಕಂಪನಿ ಎರಡೂ ನಮ್ಮ ಮಾತು ಕೇಳೋಕೆ ಕಾಯ್ತಾ ಕೂತಿಲ್ಲ. ಆದರೆ ಮಿನಿ ಪ್ರಾಜೆಕ್ಟ್ ಟಾಪಿಕ್ ಕೊಡುವ ಡೆಡ್‌ಲೈನ್ ಅಂತೂ ಬರ್ತಾ ಇದೆ. ಪ್ರತಿ ವರ್ಷ ಅದೇ ಲೈನ್ ಫಾಲೋಯಿಂಗ್ ರೋಬೋಟ್, ಅದೇ ಸ್ಮಾರ್ಟ್ ಡಸ್ಟ್‌ಬಿನ್. ಇದನ್ನ ಮಾಡಿ ನೋಡಬಹುದಲ್ಲ?

ರೇಡಿಯೋ ಭಾಗಕ್ಕೆ ಆರ್‌ಟಿಎಲ್_433 ಅನ್ನುವ ಓಪನ್ ಸೋರ್ಸ್ ಪ್ರೋಗ್ರಾಂ ಇದೆ. ಕಂಪ್ಯೂಟರಿಗೆ ಒಂದು ಎಸ್‌ಡಿಆರ್ ಡಾಂಗಲ್ ಚುಚ್ಚಿದರೆ ಎಷ್ಟೋ ಮಾದರಿಯ ಟಿಪಿಎಂಎಸ್ ಸೆನ್ಸರುಗಳ ಐಡಿ, ಪ್ರೆಶರ್, ಕೆಲವದರಲ್ಲಿ ಸೆಲ್ಲಿನ ಸ್ಥಿತಿಯನ್ನೂ ಅದು ಓದತ್ತೆ. ಇಸಿಯವರು 125 ಕಿಲೋಹರ್ಟ್ಸ್ ಕಾಯಿಲ್ ಸುತ್ತಿ ನಿದ್ದೆಯಲ್ಲಿರೋ ಸೆನ್ಸರನ್ನ ಎಬ್ಬಿಸೋಕೆ ಪ್ರಯತ್ನಿಸಲಿ. ಸಿಎಸ್‌ನವರು 'ಮುಂದಿನ ಎಡ ಚಕ್ರ, ಸೆಲ್ ಮುಗಿದಿದೆ, ಗಾಳಿ ಸರಿ ಇದೆ' ಅಂತ ಕನ್ನಡದಲ್ಲಿ ಹೇಳುವ ಒಂದು ಆ್ಯಪ್ ಬರೀಲಿ. ಮೆಕ್ಯಾನಿಕಲ್‌ನವರು 160 ಪಟ್ಟು ಗುರುತ್ವ ತಡೆಯುವ, ಆದರೂ ತೆಗೆಯೋಕೆ ಬರುವ ಸೆಲ್ ಹೋಲ್ಡರ್ ಡಿಸೈನ್ ಮಾಡಿ ತಿರುಗಿಸಿ ಟೆಸ್ಟ್ ಮಾಡಲಿ. ಕಾಲೇಜಿನ ಪಾರ್ಕಿಂಗಲ್ಲಿ ಮೇಷ್ಟ್ರುಗಳ ಕಾರುಗಳಿವೆ, ಪರ್ಮಿಷನ್ ಕೇಳಿಕೊಂಡೇ ಟೆಸ್ಟ್ ಮಾಡಿ ಮತ್ತೆ.

ಕನ್ನಡ ಸಂಘದ ನಮಗೂ ಇದರಲ್ಲಿ ಕೆಲಸ ಇದೆ. ಸೆನ್ಸರ್ ಬದಲಾಯಿಸುವ ವಿಧಾನವನ್ನ ಒಂದು ಹಾಳೆಯಲ್ಲಿ, ಅಂಗಡಿಯಲ್ಲಿ ಆಡುವ ಕನ್ನಡದಲ್ಲಿ ಬರೀಬೇಕು. ಟಯರ್ ಬಿಡಿಸುವಾಗ ಮೆಷಿನ್ನನ್ನ ವಾಲ್ವಿನಿಂದ ದೂರ ಇಡಿ. ನಿಕಲ್ ಪಿನ್ ಹಾಕಿ. ಫ್ರೀಕ್ವೆನ್ಸಿ ನೋಡಿ ಸೆನ್ಸರ್ ತರಿಸಿ. ಗಾಡಿಗೆ ಏಳೆಂಟು ವರ್ಷ ಆಗಿದ್ದು ಹೊಸ ಟಯರ್ ಹಾಕ್ತಾ ಇದ್ದರೆ ನಾಲ್ಕೂ ಸೆನ್ಸರ್ ಆಗಲೇ ಬದಲಾಯಿಸಿ, ಯಾಕಂದ್ರೆ ಟಯರ್ ಬಿಡಿಸುವ ಕೂಲಿ ಉಳಿಯತ್ತೆ. ದೀಪ ಮಿಣುಕಿದರೆ ಒಂದು ಅರ್ಥ, ಮಿಣುಕದೆ ಉರಿದರೆ ಇನ್ನೊಂದು. ಇಷ್ಟನ್ನ ಚಿತ್ರ ಸಮೇತ ಒಂದು ಎ4 ಹಾಳೆಗೆ ಇಳಿಸಿ, ಲ್ಯಾಮಿನೇಷನ್ ಮಾಡಿ, ರಜಕ್ಕೆ ಊರಿಗೆ ಹೋಗುವಾಗ ನಿಮ್ಮೂರಿನ ಟಯರ್ ಅಂಗಡಿಗೆ ಕೊಟ್ಟು ಬನ್ನಿ. ನಾನು ಶಿರಸಿ, ಯಲ್ಲಾಪುರದ ಅಂಗಡಿಗಳಿಗೆ ತಲುಪಿಸ್ತೀನಿ. ಸಿದ್ದಾಪುರ ಕಡೆಯವರು ಯಾರಾದರೂ ಇದ್ದರೆ ಹೇಳಿ.

ಹಾಳೆ ಬರೆಯೋಕೆ ಇಬ್ಬರು, ಚಿತ್ರ ಬಿಡಿಸೋಕೆ ಒಬ್ಬರು, ಪ್ರಾಜೆಕ್ಟಿಗೆ ಮೂರು ಬ್ರಾಂಚಿನಿಂದ ಒಬ್ಬೊಬ್ಬರು ಬೇಕು. ಆಸಕ್ತಿ ಇರುವವರು ಕನ್ನಡ ಸಂಘದ ಮುಂದಿನ ಮೀಟಿಂಗಿಗೆ ಬನ್ನಿ. ಬರುವಾಗ ನಿಮ್ಮ ಮನೆಯ ಕಾರಿನ ಆ ಹಳದಿ ದೀಪ ಹೇಗೆ ಉರೀತಿದೆ ಅಂತ ಫೋನ್ ಮಾಡಿ ಕೇಳಿಕೊಂಡು ಬನ್ನಿ.